ಪೂರ್ತಿ ವಾಕ್ಯ

ಗಡ್ಡ ಹೆರೆದುಕೊಳ್ಳುತ್ತಿದ್ದಾಗಲೇ ವಾಕ್ಯ ಮತ್ತೆ ಕೆಟ್ಟಿತು. ಎದ್ದಾಗ ಸರಿಯಾಗಿಯೇ ಇತ್ತು. ಕರ್ತೃ, ಕ್ರಿಯಾಪದ, ಕಾಲ ಎಲ್ಲವೂ ಅವುಗಳ ಜಾಗದಲ್ಲಿ ಕೂತಿದ್ದವು. 'ಆಪರೇಟರ್ ಕೂಗಲಿಲ್ಲ, ಯಾಕೆ ಕೂಗಲಿಲ್ಲವೆಂದು ನಾನು ಹೇಳಲಾರೆ' ಎಂಬ ಅರ್ಥ ಬರುವ ಇಂಗ್ಲಿಷ್ ವಾಕ್ಯ. ಹಲ್ಲುಜ್ಜುವಾಗ ಅದನ್ನು ಒಂದು ಸಲ ಒಳಗೊಳಗೇ ಓಡಿಸಿದ್ದರು, ಎಲ್ಲೂ ಎಡವಿರಲಿಲ್ಲ. ಈಗ ಕನ್ನಡಿಯ ಮುಂದೆ, ಕೆನ್ನೆಯ ಅರ್ಧದಲ್ಲಿ ನೊರೆ ಇರುವಾಗ, 'ಹೇಳಲಾರೆ' ಎನ್ನುವುದಕ್ಕೆ ಕ್ಯಾನಾಟ್ ಸಾಕೋ, ಆಮ್ ಅನೇಬಲ್ ಟು ಬೇಕೋ ಎಂಬ ಅನುಮಾನ ಹುಟ್ಟಿ, ಅದರ ಹಿಂದೆಯೇ ಇನ್ನೊಂದು ಅನುಮಾನ ಇಣುಕಿ, ಬ್ಲೇಡು ಗಲ್ಲದ ಕೆಳಗೆ ಕಚ್ಚಿತು. ರಕ್ತ ಬಂದದ್ದು ಒಂದೇ ಹನಿ. ಆದರೆ ಅವರು ಅದನ್ನು ನೋಡುತ್ತ ಬಹಳ ಹೊತ್ತು ನಿಂತರು. ಆ ದಿನ ರಟ್ಟಿನ ಮೇಲೆ ಬಿದ್ದದ್ದು ಇದಕ್ಕಿಂತ ಕಪ್ಪಾಗಿತ್ತು. ಹೇಳಲಾರೆ ಎಂದರೆ ಸುಳ್ಳೇನೂ ಅಲ್ಲವಲ್ಲ, ಎಂದು ಕನ್ನಡಿಯಲ್ಲಿದ್ದವನಿಗೆ ಸಮಾಧಾನ ಹೇಳಿದರು. ಕನ್ನಡಿಯಲ್ಲಿದ್ದವನು ಒಪ್ಪಿದ ಹಾಗೆ ಕಾಣಲಿಲ್ಲ.

ಅವರನ್ನು ಕಾರ್ಖಾನೆಯವರು ಕರೆಯುವುದು ಫುಲ್‌ಸ್ಟಾಪ್ ಸರ್ ಎಂದು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಅವರಿಗೆ ಗೊತ್ತು, ಗೊತ್ತಿದ್ದೂ ಒಳಗೊಳಗೇ ಇಷ್ಟ. ಹೈಸ್ಕೂಲಿನಲ್ಲಿ ತಲೆ ನರೆಯುವವರೆಗೆ ಇಂಗ್ಲಿಷ್ ವ್ಯಾಕರಣ ಕಲಿಸಿ ನಿವೃತ್ತರಾದ ಮೇಲೆ, ರಟ್ಟಿನ ಪೆಟ್ಟಿಗೆ ಮಾಡುವ ಈ ಕಾರ್ಖಾನೆಯವರು ಮನೆ ಹುಡುಕಿಕೊಂಡು ಬಂದಿದ್ದರು. ಪೆಟ್ಟಿಗೆ ಕೊಳ್ಳುವವರೆಲ್ಲ ಈಗ ಹೊರದೇಶದವರು. ನೋಡಲು ಬಂದಾಗ ನಮ್ಮ ಆಪರೇಟರುಗಳು ಪೆಕರು ಪೆಕರಾಗಿ ನಿಲ್ಲುತ್ತಾರೆ, ನಾಲ್ಕು ಮಾತು ಕಲಿಸಿಕೊಡಿ ಸರ್, ಎಂದಿದ್ದರು ಮ್ಯಾನೇಜರಮ್ಮ. ಪಾಳಿ ಬದಲಾಗುವ ಹೊತ್ತಿನಲ್ಲಿ ಕ್ಯಾಂಟೀನಿನಲ್ಲೇ ಕ್ಲಾಸು. ಅಲ್ಲಿ ಅವರು ಮೊದಲ ದಿನವೇ ಒಂದು ಕಾನೂನು ಮಾಡಿದರು. ಯಾರೂ ತುಂಡು ಮಾತು ಆಡಕೂಡದು. ವಾಕ್ಯ ಮನಸ್ಸಿನಲ್ಲಿ ತುದಿಯಿಂದ ಬುಡದವರೆಗೆ ಸಿದ್ಧವಾಗಬೇಕು, ಆಮೇಲೆ ಬಾಯಿ ತೆರೆಯಬೇಕು. ಯಾರಾದರೂ ಅರ್ಧಂಬರ್ಧ ಶುರು ಮಾಡಿದರೆ ಅವರು ಬಯ್ಯುತ್ತಿರಲಿಲ್ಲ, ಗದರುತ್ತಿರಲಿಲ್ಲ. ಬಲಗೈಯ ತೋರುಬೆರಳನ್ನು ಮೇಲೆತ್ತುತ್ತಿದ್ದರು, ಅಷ್ಟೆ. ಅದರರ್ಥ: ನಿಲ್ಲು, ಪೂರ್ತಿ ಮಾಡು. ಬೆರಳು ಎದ್ದರೆ ಮಾತು ಬಾಯಲ್ಲೇ ನಿಲ್ಲಬೇಕು. ಇಳಿದ ಮೇಲೆ ಇಡೀ ವಾಕ್ಯ ಬರಬೇಕು. ಮೊದಮೊದಲು ನಗುತ್ತಿದ್ದವರು ಆಮೇಲೆ ಎಷ್ಟು ಪಳಗಿದರೆಂದರೆ, ಟೀ ಕೇಳಲು ಬಾಯಿ ತೆರೆದವನೂ ಅವರ ಬೆರಳು ಕಂಡರೆ ಗಪ್‌ಚಿಪ್.

ಕ್ಲಾಸಿನಲ್ಲಿ ಹೆಚ್ಚು ಕಾಡಿದವನು ಮೈಕು. ದೊಡ್ಡ ಪ್ರೆಸ್ಸಿನ ಆಪರೇಟರು. ಹೆಸರು ಬೇರೆ ಏನೋ ಇತ್ತು. ಆದರೆ ಅವನ ಗಂಟಲಿಗೆ ಆ ಹೆಸರು ಯಾವ ಕಾಲದಲ್ಲೋ ಸೋತು ಸುಮ್ಮನಾಗಿತ್ತು. ಎಲ್ಲ ಯಂತ್ರಗಳೂ ಒಟ್ಟಿಗೆ ಅರಚುವಾಗಲೂ ಅವನೊಬ್ಬ 'ಏಯ್' ಎಂದರೆ ಗೋದಾಮಿನವರೆಗೆ ಕೇಳಿಸುತ್ತಿತ್ತು. ಅಂಥವನನ್ನು ನಿಲ್ಲಿಸಿ, ಅತಿಥಿಯೊಬ್ಬರು ನಿನ್ನ ಯಂತ್ರದ ಹತ್ತಿರ ಬಂದು ಕೈ ಚಾಚಿದರೆ ಏನು ಹೇಳುತ್ತೀ, ಎಂದು ಕೇಳಿದ್ದರು. ಮೈಕು ಎದೆಯುಬ್ಬಿಸಿ, "ಹ್ಯಾಂಡು! ಹ್ಯಾಂಡು! ಗೋ ಗೋ!" ಎಂದು ಕೂಗಿದ. ಕ್ಯಾಂಟೀನಿನ ಲೋಟಗಳು ನಡುಗಿದವು, ಜನ ಬಿದ್ದು ಬಿದ್ದು ನಕ್ಕರು. ಫುಲ್‌ಸ್ಟಾಪ್ ಸರ್ ಬೆರಳೆತ್ತಿದ್ದರು. ಕೈಗೆ ಹೋಗು ಅಂತಾರೇನಪ್ಪಾ, ಅತಿಥಿ ಅಂದರೆ ದನವೇ, ಎಂದಿದ್ದರು. ಆಗ ಇನ್ನಷ್ಟು ನಗೆ. ಪ್ಲೀಸ್ ಇದೆ, ಕೀಪ್ ಇದೆ, ಯುವರ್ ಹ್ಯಾಂಡ್ ಇದೆ, ಅವೇ ಫ್ರಮ್ ದ ಮೆಷಿನ್ ಇದೆ, ಕೊನೆಗೆ ಸರ್ ಇದೆ. ಇಷ್ಟನ್ನೂ ಜೋಡಿಸಿ ಮೆತ್ತಗೆ ಹೇಳು. ವಾರಗಟ್ಟಲೆ ಬೆವರು ಸುರಿಸಿ ಅವನು ಕಲಿತ. ಕೊನೆಗೊಂದು ದಿನ, ಕಣ್ಣು ಮುಚ್ಚಿಕೊಂಡು, ಹೂವು ಇಡುವವರ ಹಾಗೆ ಒಂದೊಂದೇ ಪದ ಇಟ್ಟು ಪೂರ್ತಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತನ್ನದೂ ಹೌದು ಎಂದು ಅವರಿಗೆ ಅನ್ನಿಸಿತ್ತು. ಆ ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನೇ ಹೇಳಿಕೊಂಡು ಬೀಗಿದ್ದರು.

"ಏನ್ರೀ, ಗೋಡೆ ಜೊತೆ ಮಾತಾಡ್ತಾ ಇದ್ದೀರಾ?" ಎಂದರು ಹೆಂಡತಿ ಈಗ, ಬೆಳಗಿನ ತಿಂಡಿಯ ತಟ್ಟೆ ಇಡುತ್ತ. "ಆಗ್ಲಿಂದ ತುಟಿ ಅಲ್ಲಾಡ್ತಾನೇ ಇದೆ."

"ವಿಚಾರಣೆ ಇದೆಯಲ್ಲ ಇವತ್ತು."

"ಅದಕ್ಯಾಕೆ ತಾಲೀಮು? ಆ ಬಡಪಾಯಿ ಕೂಗಿದ್ನೋ ಇಲ್ವೋ, ನೀವು ಪಕ್ಕದಲ್ಲೇ ಇದ್ರಿ. ನೋಡಿದ್ದನ್ನ ಹೇಳಿ ಬನ್ನಿ."

"ಇಂಗ್ಲಿಷಲ್ಲಿ ಹೇಳಬೇಕು ಕಣೇ. ಕೊಳ್ಳೋರ ಕಡೆಯಿಂದ ಒಬ್ಬರು ಬಂದಿರ್ತಾರೆ."

"ಅವನ ಕೆಲಸ ಹೋಗುತ್ತಂತಾ?" ಹೆಂಡತಿ ಅಲ್ಲೇ ಕೂತರು. "ಅವನ ಹೆಂಡ್ತಿಗೆ ಕಣ್ಣಿನ ಆಪರೇಷನ್ ಅಲ್ವಾ ಮುಂದಿನ ತಿಂಗಳು, ಕಂಪನಿ ಖರ್ಚಲ್ಲಿ? ಕೆಲಸ ಹೋದ್ರೆ ಅದೂ ಹೋಯ್ತು. ನಂಗೊಂದು ಅರ್ಥ ಆಗಲ್ಲ, ಆ ಗಂಟಲು ಇಟ್ಕೊಂಡು ಅವನು ಯಾಕೆ..."

ಫುಲ್‌ಸ್ಟಾಪ್ ಸರ್ ಏನು ಮಾಡಿದರೋ ಅವರಿಗೇ ಗೊತ್ತಾಗಲಿಲ್ಲ. ಹೆಂಡತಿ ಮಾತು ನಿಲ್ಲಿಸಿ ಅವರ ಕೈಯನ್ನೇ ನೋಡುತ್ತಿದ್ದರು.

"ನನ್ನ ಮುಂದೆ ಬೆರಳೆತ್ತಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ? ನಾನೇನು ನಿಮ್ಮ ಸ್ಟೂಡೆಂಟಾ?"

ಅವರು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೊರಟರು. ಎಷ್ಟು ಸಲ ಎತ್ತಿರಬಹುದು ಈ ಬೆರಳನ್ನು, ತನಗೆ ತಿಳಿಯದೆ? ಮಗಳು ಮದುವೆಗೆ ಮುಂಚೆ ಏನೋ ಹೇಳಲು ಬಂದು, ಬಾಗಿಲಲ್ಲೇ ನಿಂತು, ಬೇಡ ಬಿಡಿ ಅಪ್ಪಾ ಎಂದು ವಾಪಸು ಹೋದದ್ದು ನೆನಪಾಯಿತು. ಆಗ ಎತ್ತಿದ್ದೆನೆ? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅವರು ತೋರುಬೆರಳನ್ನು ಉಳಿದ ಬೆರಳುಗಳ ಒಳಗೆ ಮಡಚಿ ಹಿಡಿದಿದ್ದರು, ಕಳ್ಳನನ್ನು ಹಿಡಿದುಕೊಂಡ ಹಾಗೆ. ಆ ದಿನ ಯಂತ್ರದ ಬಳಿ ಇದ್ದವರು ಮೂವರೇ. ಹೊರದೇಶದಿಂದ ಬಂದಿದ್ದ ಉದ್ದನೆಯ ಅತಿಥಿ, ಮೈಕು, ತಾವು. ಮ್ಯಾನೇಜರಮ್ಮ ಫೋನು ಬಂತೆಂದು ಆಚೆ ಹೋಗಿದ್ದರು. ತೋರಿಸಲೆಂದು ಪ್ರೆಸ್ಸಿನ ಮುಂದಿನ ಜಾಲರಿ ಎತ್ತಿಟ್ಟಿದ್ದರು. ಮೇಲಿನ ಹಲಗೆ ಇಳಿದು ರಟ್ಟನ್ನು ಒತ್ತಿ ಏಳುತ್ತಿತ್ತು, ಒತ್ತಿ ಏಳುತ್ತಿತ್ತು. ಸಿಕ್ಕಿಕೊಂಡ ರಟ್ಟಿನ ಚೂರೊಂದನ್ನು ಕಂಡು ಅತಿಥಿ ನಗುತ್ತ, ಮಕ್ಕಳಂತೆ, ಅದನ್ನು ಕೀಳಲು ಕೈ ಹಾಕಿದ. ಮೈಕು ನಿಂತಲ್ಲಿಂದ ಯಂತ್ರ ನಿಲ್ಲಿಸುವ ಗುಂಡಿ ದೂರವಿತ್ತು. ಗಂಟಲೊಂದೇ ಹತ್ತಿರವಿತ್ತು. ಅವನ ಎದೆ ಉಬ್ಬಿದ್ದು, ಬಾಯಿ ತೆರೆದದ್ದು, 'ಹ್ಯಾ' ಎಂದು ಶುರುವಾದದ್ದು, ಎಲ್ಲವನ್ನೂ ಫುಲ್‌ಸ್ಟಾಪ್ ಸರ್ ಕಂಡಿದ್ದರು. ಆಮೇಲೆ ಮೈಕು ತಮ್ಮ ಕಡೆ ನೋಡಿದ. ಬಾಯಿ ಮುಚ್ಚಿದ. ಕಣ್ಣು ಮುಚ್ಚಿಕೊಂಡು, ಮೆತ್ತಗೆ, "ಪ್ಲೀಸ್ ಕೀಪ್" ಎಂದ. ಅಷ್ಟರಲ್ಲಿ ಹಲಗೆ ಇಳಿದಿತ್ತು. ಅತಿಥಿಯ ಎರಡು ಬೆರಳು ಹೋದವು.

ಕೈ ತೋರಿಸುತ್ತಿದ್ದೆ, ಅಷ್ಟೆ. ಅಪಾಯ ಕಂಡಾಗ ಮನುಷ್ಯ ಕೈ ತೋರಿಸುವುದಿಲ್ಲವೆ? ಅಗೋ ನೋಡು, ಯಂತ್ರ ಇಳಿಯುತ್ತಿದೆ, ಎಂದು ತೋರಿಸಿದ್ದು. ಹಾಗೆಂದು ಅವರು ತಮಗೆ ತಾವೇ ಎಷ್ಟು ಹೇಳಿಕೊಂಡರೂ ಬೆರಳಿನ ನೆನಪು ಬೇರೆಯೇ ಇತ್ತು. ತೋರಿಸುವ ಬೆರಳು ಅಡ್ಡಕ್ಕಿರುತ್ತದೆ. ತಮ್ಮದು ನೆಟ್ಟಗೆ ನಿಂತಿತ್ತು. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗ ಯಾರೋ ಹಿಂದಿನಿಂದ ನಕ್ಕರು, ಬೇರೆ ಏನಕ್ಕೋ. ಆದರೂ ಅವರ ಕಿವಿ ಬಿಸಿಯಾಯಿತು. ಕಾಲೇಜಿನ ಸಭೆಯಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಹೊಸ ಅಂಗಿ ಹಾಕಿಕೊಂಡು ವೇದಿಕೆ ಹತ್ತಿ ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಆಡಿದ್ದರು. ಅದರಲ್ಲಿದ್ದ ತಪ್ಪು ಅವರಿಗೆ ಈಗಲೂ ಬಾಯಿಪಾಠ. ಮುಂದಿನ ಸಾಲಿನಿಂದ ಎದ್ದ ನಗೆ ಹಿಂದಿನ ಸಾಲಿನವರೆಗೆ ಹೋಗಿ, ಗೋಡೆಗೆ ಬಡಿದು, ವಾಪಸು ವೇದಿಕೆಗೇ ಬಂದಿತ್ತು. ಅವತ್ತು ಬಾಯಿಗೆ ಹಾಕಿಕೊಂಡ ಬೀಗ. ಆಮೇಲೆ ಒಳಗೆ ಓಡಿಸಿ ನೋಡದ ಒಂದು ವಾಕ್ಯವನ್ನೂ ಅವರು ಹೊರಗೆ ಬಿಟ್ಟವರಲ್ಲ. ಜನ ಅದನ್ನು ಗಾಂಭೀರ್ಯ ಎಂದುಕೊಂಡರು. ಅದು ಬರೀ ಹೆದರಿಕೆ ಎಂದು ಅವರು ಯಾರಿಗೂ ಹೇಳಲಿಲ್ಲ, ಬದಲಿಗೆ ಅದನ್ನೇ ಪಾಠ ಮಾಡಿದರು. ನಗೆಗೀಡಾಗದಂತೆ ಕಾಪಾಡುತ್ತಿದ್ದೇನೆ ಎಂದುಕೊಂಡು ಆ ಹೆದರಿಕೆಯನ್ನು ಒಂದು ಕಾರ್ಖಾನೆಗೇ ಹಂಚಿದರು.

ಗೇಟಿನಲ್ಲಿ ಕಾವಲಿನವನು ಸಲಾಮು ಹೊಡೆದ. "ಸರ್, ಸರಿಯಾದ ಟೈಮಿಗೆ ಸಿಕ್ಕಿದ್ರಿ. ನನ್ನ ಮಗಳದ್ದು ಒಂದು ಡೌಟು. ಒನ್ ಆಫ್ ಮೈ ಫ್ರೆಂಡ್ ಅನ್ಬೇಕಾ, ಫ್ರೆಂಡ್ಸ್ ಅನ್ಬೇಕಾ?"

"ಫ್ರೆಂಡ್ಸ್."

"ಒಬ್ಬನೇ ಅಲ್ವಾ ಸರ್?"

"ಹಲವರಲ್ಲಿ ಒಬ್ಬ."

"ಅದೂ ನಿಜ ಬಿಡಿ." ಕಾವಲಿನವನು ದನಿ ತಗ್ಗಿಸಿದ. "ಮೈಕು ಒಳಗಿದ್ದಾನೆ, ಕ್ಯಾಂಟೀನಲ್ಲಿ. ಅವತ್ತಿಂದ ಅವನ ಬಾಯಲ್ಲಿ ಒಂದು ಮಾತಿಲ್ಲ ಸರ್. ನಮಗೆಲ್ಲ ಕಿವಿ ಮುಚ್ಚಿಹೋದ ಹಾಗಾಗಿದೆ."

ಪ್ರಶ್ನೆ ಕೇಳುವವರು ಎಂದರೆ ಅವರಿಗೆ ಎಂದೂ ಖುಷಿ. ದಿನಸಿ ಅಂಗಡಿಯವನು, ಅಂಚೆಯವನು, ಹೆಂಡತಿಯ ತಮ್ಮ, ಎಲ್ಲರೂ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಡಿಸ್ಕಸ್ ಆದ ಮೇಲೆ ಅಬೌಟ್ ಬರುತ್ತದೋ ಇಲ್ಲವೋ, ಲುಕಿಂಗ್ ಫಾರ್ವರ್ಡ್ ಟು ಆದ ಮೇಲೆ ಸೀಯೋ ಸೀಯಿಂಗೋ. ಅವರ ಬಳಿ ಉತ್ತರವಿಲ್ಲದ ಪ್ರಶ್ನೆ ಇರಲಿಲ್ಲ. ಇವತ್ತು ಮಾತ್ರ ಗೇಟಿನಿಂದ ಕ್ಯಾಂಟೀನಿನವರೆಗೆ ನಡೆಯುವಾಗ, ಯಾರೂ ಏನೂ ಕೇಳದಿರಲಿ ಎಂದು ಗೋಡೆಯ ಪಕ್ಕದಲ್ಲೇ ಹೋದರು. ಒಣ ರಟ್ಟಿನ ವಾಸನೆ, ಅಂಟಿನ ವಾಸನೆ. ದೊಡ್ಡ ಪ್ರೆಸ್ಸಿಗೆ ಹೊದಿಕೆ ಹಾಕಿದ್ದರು. ಅದರ ಪಕ್ಕದ ಗೋಡೆಯ ಮೇಲೆ ಅಪಾಯವಿದ್ದಾಗ ಎಚ್ಚರಿಸುವುದು ಆಪರೇಟರನ ಹೊಣೆ ಎಂಬ ಫಲಕ ಹಾಗೇ ಇತ್ತು. ಆ ಫಲಕದ ಇಂಗ್ಲಿಷನ್ನು ತಿದ್ದಿಕೊಟ್ಟವರೂ ಅವರೇ.

ಮೈಕು ಮೂಲೆಯ ಮೇಜಿನಲ್ಲಿ ಕೂತಿದ್ದವನು ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೆ ಗುಂಡಿ. ಅಷ್ಟು ದೊಡ್ಡ ಆಳು ಎರಡು ಕೈಯನ್ನೂ ಹೊಟ್ಟೆಯ ಮುಂದೆ ಹಿಡಿದುಕೊಂಡಿದ್ದ.

"ಸರ್, ನಿಮ್ಮನ್ನೇ ಕಾಯ್ತಾ ಇದ್ದೆ. ಒಂದು ವಾಕ್ಯ ಸರಿ ಮಾಡಿಕೊಡ್ಬೇಕು."

"ಯಾವ ವಾಕ್ಯ?"

"ಒಳಗೆ ಹೇಳೋಕೆ ಸರ್. ನಾನು ಕೂಗಲಿಲ್ಲ, ತಪ್ಪು ನಂದೇ, ಕ್ಷಮಿಸಿ. ಇಷ್ಟು. ಐ ಡಿಡ್ ನಾಟ್ ಶೌಟೆಡ್ ಅಂತ ರೆಡಿ ಮಾಡಿಕೊಂಡಿದ್ದೀನಿ. ಸರಿ ಇದ್ಯಾ ಸರ್?"

ಇವನು ಆ ದಿನದ ಬಗ್ಗೆ ಏನನ್ನೂ ಕೇಳುತ್ತಿಲ್ಲ. ನೀವು ಬೆರಳೆತ್ತಿದಿರಿ ಸರ್, ಅದಕ್ಕೆ ನಿಲ್ಲಿಸಿದೆ, ಎನ್ನುತ್ತಿಲ್ಲ. ಆ ಮುಖದಲ್ಲಿ ಸಿಟ್ಟು ಹುಡುಕಿದರು, ಒಂದಿಷ್ಟು ಕಳ್ಳ ನಗೆಯನ್ನಾದರೂ ಹುಡುಕಿದರು. ಪರೀಕ್ಷೆಗೆ ಕೂತವನ ಕಾತರ ಬಿಟ್ಟು ಅಲ್ಲಿ ಬೇರೇನೂ ಇರಲಿಲ್ಲ.

"ನಿಂದೇ ತಪ್ಪು ಅಂತ ಯಾಕೆ ಹೇಳ್ತೀಯಾ?" ಎಂದರು. ತಮ್ಮ ದನಿ ತಮಗೇ ಪೊಳ್ಳಾಗಿ ಕೇಳಿಸಿತು.

"ಮತ್ತೆ ಯಾರದು ಸರ್?" ಮೈಕು ನಿಜವಾಗಿಯೂ ಕೇಳಿದ. "ವಾಕ್ಯ ನಂಗೆ ಬೇಗ ಬರ್ಲಿಲ್ಲ. ನೀವು ಕಲಿಸಿದ್ದು ಸರಿಯಾಗೇ ಇತ್ತು. ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಿದ್ರೆ ಅಷ್ಟ್ರಲ್ಲಿ ಹೇಳಿ ಮುಗಿಸ್ಬಹುದಿತ್ತು. ಮನೇಲಿ ಹೆಂಡ್ತಿ ಮುಂದೆ ದಿನಾ ಹೇಳಿ ನೋಡ್ತಿದ್ದೀನಿ, ಈಗ ಬೇಗ ಬರುತ್ತೆ."

ಇಲ್ಲಿ ಏನಾದರೂ ಹೇಳಬೇಕಿತ್ತು. ಹೇಳುವ ಮಾತು ಒಂದೇ ಒಂದು ಇತ್ತು, ಅದೂ ತಮ್ಮ ಸ್ವಂತ ಭಾಷೆಯಲ್ಲಿ, ಮೂರೇ ಪದದ್ದು. ಫುಲ್‌ಸ್ಟಾಪ್ ಸರ್ ಹೇಳಿದ್ದು: "ಡಿಡ್ ಬಂದ ಮೇಲೆ ಶೌಟೆಡ್ ಬರಲ್ಲ. ಐ ಡಿಡ್ ನಾಟ್ ಶೌಟ್."

"ಐ ಡಿಡ್ ನಾಟ್ ಶೌಟ್," ಎಂದ ಮೈಕು. ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿದ. ಇಟ್ ಈಸ್ ಮೈ ಫಾಲ್ಟ್ ಎನ್ನುವುದನ್ನೂ ಸೇರಿಸಿ ಹೇಳಿದ. ಎಲ್ಲೂ ಎಡವಲಿಲ್ಲ. "ಸರಿ ಬಂತಾ ಸರ್?"

"ಸರಿ ಬಂತು."

ಆ ಕ್ಷಣದಲ್ಲಿ, ಎಲ್ಲಕ್ಕಿಂತ ಅಸಹ್ಯವಾದ ಸಂಗತಿಯೆಂದರೆ, ಎದೆಯೊಳಗೆ ಎಲ್ಲೋ ಆ ಹಳೆಯ ತೃಪ್ತಿ ಒಂದು ಚೂರು ಮಿಸುಕಿತು. ಹುಡುಗ ಪಾಸಾದ ಎನ್ನುವ ತೃಪ್ತಿ. ಅದನ್ನು ಅವರು ಸ್ಪಷ್ಟವಾಗಿ ಗುರುತಿಸಿದರು. ಒಬ್ಬನ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟು, ಹೊಸೆತ ಚೆನ್ನಾಗಿದೆ ಎಂದು ಬೀಗುವವನು ಎಂಥ ಮನುಷ್ಯ? ನೀರು ಕುಡಿಯುವ ನೆಪದಲ್ಲಿ ಹೋಗಿ ನಲ್ಲಿಯ ಮುಂದೆ ನಿಂತರು. ಲೋಟ ತುಂಬಿ ಹರಿಯುತ್ತಿದ್ದರೂ ಅವರಿಗೆ ತಿಳಿಯಲಿಲ್ಲ. ಕರೆಯಲು ಬಂದ ಗುಮಾಸ್ತೆ ನಲ್ಲಿ ನಿಲ್ಲಿಸಿದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗಾಜಿನ ಕಿಟಕಿ. ಆಚೆ ಯಂತ್ರಗಳು ಓಡುವುದು ಕಾಣುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮೇಜಿನ ತುದಿಯಲ್ಲಿ ಮ್ಯಾನೇಜರಮ್ಮ, ಪಕ್ಕದಲ್ಲಿ ಕೊಳ್ಳುವವರ ಕಡೆಯಿಂದ ಬಂದಿದ್ದ ಗಿಡ್ಡ ಕೂದಲಿನ ಹೆಂಗಸು. ಆಕೆ ಯಾರನ್ನೂ ದುರುಗುಟ್ಟಿ ನೋಡಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಮೈಕು ನಿಂತುಕೊಂಡೇ ತನ್ನ ವಾಕ್ಯ ಹೇಳಿದ. ಒಂದು ತಪ್ಪಿಲ್ಲ. ಮ್ಯಾನೇಜರಮ್ಮ ಮೆಚ್ಚಿದವರಂತೆ ಹುಬ್ಬೇರಿಸಿದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಗಿಡ್ಡ ಕೂದಲಿನಾಕೆ ಮುಂದೆ ಬಾಗಿ, ಮೃದುವಾಗಿ, ಒಂದೇ ಪದ ಕೇಳಿದಳು. ಯಾಕೆ? ಮೈಕುವಿನ ಬಳಿ ಅದಕ್ಕೆ ವಾಕ್ಯವಿರಲಿಲ್ಲ. ಅವನು ಬಾಯಿ ತೆರೆದ, ಮುಚ್ಚಿದ, ಹಣೆಯ ಬೆವರು ಒರೆಸಿಕೊಂಡ.

"ಈ ಗಂಟಲಿಗೆ ಇಡೀ ಕಾರ್ಖಾನೆ ಹೆದರುತ್ತೆ," ಎಂದರು ಮ್ಯಾನೇಜರಮ್ಮ, ಮೈಕುವಿನ ಕಡೆಗೂ ಫುಲ್‌ಸ್ಟಾಪ್ ಸರ್ ಕಡೆಗೂ ನೋಡುತ್ತ. "ಅವತ್ತು ಎಲ್ಲಿ ಹೋಗಿತ್ತಪ್ಪಾ? ಸರ್, ನೀವು ಪಕ್ಕದಲ್ಲೇ ಇದ್ರಿ. ನೀವೇ ಹೇಳಿ, ಇವರಿಗೂ ಅರ್ಥ ಆಗೋ ಹಾಗೆ."

ಫುಲ್‌ಸ್ಟಾಪ್ ಸರ್ ಎದ್ದರು. ವಾಕ್ಯ ಸಿದ್ಧವಿತ್ತು. ಬೆಳಗಿನಿಂದ ತೊಳೆದು ಒರೆಸಿ ಇಟ್ಟದ್ದು, ಫಳಫಳ ಹೊಳೆಯುತ್ತಿತ್ತು. ಅದನ್ನು ಹೊರಗೆ ಬಿಟ್ಟರು. ಆಪರೇಟರ್ ಕೂಗಲಿಲ್ಲ. ಯಾಕೆಂದು ನಾನು ಹೇಳಲಾರೆ. ಒಂದು ಅಕ್ಷರ ಆಚೀಚೆ ಆಗಲಿಲ್ಲ. ಗಿಡ್ಡ ಕೂದಲಿನಾಕೆ ತಲೆದೂಗಿ ಏನನ್ನೋ ಗೀಚಿಕೊಂಡಳು. ಆಮೇಲೆ ತಲೆಯೆತ್ತದೆಯೇ ಇಂಗ್ಲಿಷಿನಲ್ಲಿ ಇನ್ನೊಂದು ಕೇಳಿದಳು: ಹಾಗಾದರೆ ಇವರಿಗೆ ಕೂಗಿ ಎಚ್ಚರಿಸುವುದನ್ನು ಕಲಿಸಿದ್ದವರು ಯಾರು, ಏನು ಕಲಿಸಿದ್ದರು? ಈ ಪ್ರಶ್ನೆಗೆ ಅವರು ತಾಲೀಮು ಮಾಡಿರಲಿಲ್ಲ. ಉತ್ತರವನ್ನು ಜೋಡಿಸಲು ಒಳಗೆ ಹೊಕ್ಕರು. ಒಳಗೆ ಕತ್ತಲೆ. ಕರ್ತೃವಿನ ಜಾಗಕ್ಕೆ ಕೈ ಹಾಕಿದರೆ ಐ ಎಂಬ ಒಂಟಿ ಅಕ್ಷರ ಬಿಟ್ಟರೆ ಬೇರೇನೂ ಸಿಗುತ್ತಿಲ್ಲ. ಮ್ಯಾನೇಜರಮ್ಮ ಪೆನ್ನು ಕೆಳಗಿಟ್ಟು ಅವರನ್ನೇ ನೋಡತೊಡಗಿದರು. ಹತ್ತೊಂಬತ್ತರ ಹುಡುಗನ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಮೈಕುವಿಗೆ ಅದನ್ನು ನೋಡಲಾಗಲಿಲ್ಲ. ಸರ್‌ಗೆ ಏನೋ ಆಗುತ್ತಿದೆ, ಸರ್ ಸಿಕ್ಕಿಹಾಕಿಕೊಂಡಿದ್ದಾರೆ ಎನ್ನುವುದಷ್ಟೇ ಅವನಿಗೆ ಕಂಡದ್ದು. ಅವನ ಎದೆ ಉಬ್ಬಿತು, ಆ ದಿನದಿಂದ ಯಾರೂ ಕೇಳದಿದ್ದ ದನಿ ಒಡೆದುಕೊಂಡು ಹೊರಬಂತು. ಗಾಜಿನ ಕಿಟಕಿ ಝಲ್ಲೆಂದಿತು.

"ಸರ್ ನೋ ಮಿಸ್ಟೇಕ್! ಸರ್ ಈಸ್ ಟೀಚ್ ಗುಡ್! ಐ ಓನ್ಲಿ..."

ಅಲ್ಲಿಗೆ ನಿಂತಿತು. ನಡು ಮಾತಿನಲ್ಲಿ, ಯಾರೋ ಕತ್ತರಿಸಿದ ಹಾಗೆ. ಮೈಕು ಬಾಯಿ ತೆರೆದುಕೊಂಡೇ ನಿಂತಿದ್ದ. ಮ್ಯಾನೇಜರಮ್ಮ ಅವನನ್ನು ನೋಡಿದರು, ಆಮೇಲೆ ಅವನು ನೋಡುತ್ತಿದ್ದ ಕಡೆ ನೋಡಿದರು. ಗಿಡ್ಡ ಕೂದಲಿನಾಕೆಯೂ ನಿಧಾನವಾಗಿ ಅತ್ತಲೇ ತಿರುಗಿದಳು. ಎಲ್ಲರೂ ಏನನ್ನು ನೋಡುತ್ತಿದ್ದಾರೆ ಎಂದು ಫುಲ್‌ಸ್ಟಾಪ್ ಸರ್ ತಾವೂ ನೋಡಿದರು. ತಮ್ಮ ಬಲಗೈ ಮೇಲಿತ್ತು. ತೋರುಬೆರಳು ನೆಟ್ಟಗೆ ನಿಂತಿತ್ತು.

ಇಳಿಸಬಹುದಿತ್ತು. ಕಿವಿ ತುರಿಸಿಕೊಂಡ ಹಾಗೆ ಮಾಡಬಹುದಿತ್ತು, ಕನ್ನಡಕ ಸರಿಮಾಡಿಕೊಂಡ ಹಾಗೆ ಮಾಡಬಹುದಿತ್ತು. ಈಸ್ ಟೀಚ್ ಎನ್ನುವ ತಪ್ಪಿಗೆ ಎದ್ದ ಬೆರಳು ಅದು, ಎಂದಿನಂತೆ, ಅವರನ್ನು ಕೇಳದೆ ಎದ್ದದ್ದು. ತಮ್ಮನ್ನು ಕಾಪಾಡಲು ಬಂದವನ ಬಾಯನ್ನೂ ಅದು ಮುಚ್ಚಿಸಿತ್ತು. ಅವರು ಅದನ್ನು ದಿಟ್ಟಿಸಿದರು. ಉಗುರಿನ ಬುಡದಲ್ಲಿ ಬೆಳಗಿನ ನೊರೆಯ ಒಣ ಗುರುತು ಇನ್ನೂ ಇತ್ತು. ನಾಚಿಕೆಯಿಂದ ಮೈ ಬೆಂದು ಹೋಯಿತು. ಆದರೆ ಆ ನಾಚಿಕೆಯ ಅಡಿಯಲ್ಲಿ, ಬೆಳಗಿನಿಂದ ಮೊದಲ ಬಾರಿಗೆ, ಉಸಿರು ಪೂರ್ತಿಯಾಗಿ ಒಳಗೆ ಹೋಯಿತು.

"ವಾಟ್ ಈಸ್ ದಟ್?" ಎಂದಳು ಗಿಡ್ಡ ಕೂದಲಿನಾಕೆ.

"ಲೈಕ್ ದಿಸ್," ಎಂದರು ಫುಲ್‌ಸ್ಟಾಪ್ ಸರ್. ಬೆರಳನ್ನು ಇಳಿಸಲಿಲ್ಲ, ಇನ್ನಷ್ಟು ಮೇಲಕ್ಕೆ ಹಿಡಿದರು. "ದಟ್ ಡೇ... ಹೀ ಶೌಟ್... ಮೀ, ಲೈಕ್ ದಿಸ್." ತಲೆಯಿಲ್ಲ, ಬಾಲವಿಲ್ಲ, ಯಾವ ಹುಡುಗ ಬರೆದಿದ್ದರೂ ಸೊನ್ನೆ ಹಾಕುತ್ತಿದ್ದಂಥ ಮಾತು. ಯಾರೂ ನಗಲಿಲ್ಲ. ಮ್ಯಾನೇಜರಮ್ಮನ ಮುಖದ ಬಣ್ಣ ಇಳಿಯುತ್ತಿರುವುದು ಕಂಡಿತು. ಗಾಜಿನ ಆಚೆ ಯಂತ್ರಗಳು ಸದ್ದಿಲ್ಲದೆ ಒತ್ತುತ್ತ ಏಳುತ್ತ ಇದ್ದವು. ಮೈಕು ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವನು ಬೆರಳನ್ನೇ ನೋಡುತ್ತಿದ್ದ, ತೆರೆದ ಬಾಯಲ್ಲಿ ಅರ್ಧ ಮಾತನ್ನು ಹಾಗೇ ಇಟ್ಟುಕೊಂಡು, ಅದು ಇಳಿಯಲೆಂದು ಕಾಯುತ್ತಿದ್ದ.